ಯಾರ ಕಪಾಟಿನ ಹಾಡು?

1982ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಸಮಿತಿಯೊಂದರ ಮುಂದೆ ಲೆಡ್ ಜೆಪ್ಪೆಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' ಹಾಡನ್ನು ಹಿಂದುಮುಂದಾಗಿ ನುಡಿಸಿ ಕೇಳಿಸಿದರು. ರಾಕ್ ತಟ್ಟೆಗಳನ್ನು ಉಲ್ಟಾ ತಿರುಗಿಸಿದರೆ ಒಳಗಿನಿಂದ ಸೈತಾನನ ಸ್ತುತಿ ಹೊರಬರುತ್ತದೆ, ಮಕ್ಕಳು ಕೆಡುತ್ತಾರೆ ಎಂಬ ಗುಲ್ಲು ಆಗ ಅಮೆರಿಕದ ಚರ್ಚುಗಳಲ್ಲಿ ಜೋರಾಗಿ ಎದ್ದಿತ್ತು. ಬೋಧಕರು ಊರೂರು ತಿರುಗಿ ಉಲ್ಟಾ ಹಾಡು ಕೇಳಿಸುತ್ತಿದ್ದರು. ಕೆಲವೆಡೆ ಭಾಷಣ ಮುಗಿದ ಮೇಲೆ ತಟ್ಟೆಗಳನ್ನು ರಾಶಿ ಹಾಕಿ ಸುಡುತ್ತಿದ್ದರು.

ಮರುವರ್ಷ ಅದೇ ಕ್ಯಾಲಿಫೋರ್ನಿಯಾದ ಡೇನಿಯಲ್ ಆಮೋಸ್ ಎಂಬ ತಂಡ 'ಡಾಪಲ್‌ಗ್ಯಾಂಗರ್' ಆಲ್ಬಮ್ ತಂದಿತು. ಮೊದಲ ಹಾಡು ಶುರುವಾದೊಡನೆ ಹಿನ್ನೆಲೆಯಲ್ಲಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತ ಹಾಡಿದಂಥ ವಿಚಿತ್ರ ಸದ್ದು. ಅದು ಅವರದೇ ಹಿಂದಿನ ಆಲ್ಬಮಿನ ಕೊನೆಯ ಹಾಡು, ಉಲ್ಟಾ. ಅದರ ಮೇಲೆ ತಂಡದ ಗಾಯಕ ಟೆರಿ ಟೇಲರ್ ಹೊಸ ಸಾಹಿತ್ಯ ಕೂರಿಸಿ ಹಾಡಿದ್ದ. ತಂಡದವರೆಲ್ಲ ಚರ್ಚಿಗೆ ಹೋಗುವವರು, ಬೈಬಲ್ ಓದುವವರು. ಅವರ ತಟ್ಟೆಗಳು ಮಾರಾಟಕ್ಕಿದ್ದ ಅಂಗಡಿಗಳಿಗೆ ಬರುತ್ತಿದ್ದವರೋ, ಉಲ್ಟಾ ಹಾಡಿಗೆ ಬೆದರಿ ಕೂತಿದ್ದ ಅದೇ ಜನ.

ಮುಂದೆ 'ಕ್ರಿಶ್ಚಿಯನ್ ಆಲ್ಟರ್ನೇಟಿವ್' ಎನ್ನಿಸಿಕೊಂಡ ಸಂಗೀತದ ಬಾಳೆಲ್ಲ ಹೀಗೇ ಕಳೆಯಿತು. ನನ್ನ ಕಿವಿಗೆ ಅದು ಬಿದ್ದದ್ದು 1990ರ ದಶಕದ ಕೊನೆಗೆ, ಬೆಂಗಳೂರಿನ ಹಾಸ್ಟೆಲ್ಲೊಂದರಲ್ಲಿ. ಐಜ್ವಾಲಿನಿಂದ ಬಂದಿದ್ದ ರೂಮ್‌ಮೇಟ್ ತಂದ ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ಬಾಲ್‌ಪೆನ್ನಿನಲ್ಲಿ 'ಡಿಗ್' ಎಂದಷ್ಟೇ ಬರೆದಿತ್ತು. ಯಾರದೋ ಸಿ.ಡಿ.ಯಿಂದ ಇಳಿಸಿಕೊಂಡದ್ದು, ಒಂದು ಮಗ್ಗುಲು ಮುಗಿಯುವಾಗ ಹಾಡೊಂದು ನಡುವೆಯೇ ಕಡಿದುಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರ್ಚಿಗೆ ಹೊರಟರೆ ನಾನು ಆ ಕ್ಯಾಸೆಟ್ ಹಾಕಿಕೊಂಡು ಬಟ್ಟೆ ಒಗೆಯುತ್ತಿದ್ದೆ. ಅದರಲ್ಲೂ ದೇವರ ಮಾತಿದೆ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು. ಈಗ ಆ ಕಾಲದ ಆಲ್ಬಮುಗಳನ್ನು ಒಂದರ ಹಿಂದೊಂದು ಕೂತು ಕೇಳುತ್ತಿದ್ದೇನೆ. ಅವುಗಳ ಚರಿತ್ರೆ ಓದುತ್ತ ಹೋದಂತೆ ಅದರಲ್ಲಿ ಗಿಟಾರಿಗಿಂತ ದೊಡ್ಡ ಪಾತ್ರ ಅಂಗಡಿಯ ಕಪಾಟಿನದು ಅನ್ನಿಸುತ್ತದೆ.

ಮೊದಲಿಗನೆಂದು ಎಲ್ಲರೂ ಹೆಸರಿಸುವುದು ಲ್ಯಾರಿ ನಾರ್ಮನ್‌ನನ್ನು. 1947ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವನು. ಬೆನ್ನ ಮೇಲೆ ಇಳಿಬಿದ್ದ ಹೊಂಬಣ್ಣದ ಕೂದಲು. 1969ರಲ್ಲಿ ಕ್ಯಾಪಿಟಲ್ ಕಂಪನಿ ಅವನ 'ಅಪಾನ್ ದಿಸ್ ರಾಕ್' ಹೊರತಂದಿತು. ಯೇಸುವಿನ ಬಗ್ಗೆ ಅಪ್ಪಟ ರಾಕ್ ಆಲ್ಬಮ್. ಅದು ಮಾರಾಟವಾಗಲಿಲ್ಲ, ಕಂಪನಿ ಅವನನ್ನು ಕೈಬಿಟ್ಟಿತು. ಆದರೆ ಹೊರಗೆ ಗಾಳಿ ಬದಲಾಗುತ್ತಿತ್ತು. ಕೋಸ್ಟಾ ಮೆಸಾ ಊರಿನ ಕಾಲ್ವರಿ ಚಾಪೆಲ್‌ನಲ್ಲಿ ಚಕ್ ಸ್ಮಿತ್ ಎಂಬ ಪಾಸ್ಟರ್ ಬರಿಗಾಲಿನ ಹಿಪ್ಪಿಗಳನ್ನು ಒಳಗೆ ಬಿಟ್ಟುಕೊಂಡ. ಅವರು ಗಿಟಾರನ್ನೂ ಜೊತೆಗೆ ತಂದರು. 1971ರ ಜೂನ್‌ನಲ್ಲಿ 'ಟೈಮ್' ಪತ್ರಿಕೆ ಈ 'ಜೀಸಸ್ ಕ್ರಾಂತಿ'ಯನ್ನು ಮುಖಪುಟಕ್ಕೇರಿಸಿತು. ಮರುವರ್ಷ ಡಲ್ಲಾಸ್‌ನಲ್ಲಿ ಬೋಧಕ ಬಿಲ್ಲಿ ಗ್ರಹಾಂ ಮಾತಾಡಿದ 'ಎಕ್ಸ್‌ಪ್ಲೋ 72' ಸಮಾವೇಶದ ರಾತ್ರಿ ಸಭೆಗಳಿಗೆ ಸುಮಾರು 80,000 ಯುವಕರು ಸೇರಿದರು. ವೇದಿಕೆಯಲ್ಲಿ ಜಾನಿ ಕ್ಯಾಶ್‌ನೊಂದಿಗೆ ನಾರ್ಮನ್ ಕೂಡ ಹಾಡಿದ.

ಅದೇ 1972ರಲ್ಲಿ ಲಂಡನ್ನಿನಲ್ಲಿ, ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್‌ನ ಏರ್ ಸ್ಟುಡಿಯೋದಲ್ಲಿ, ನಾರ್ಮನ್ 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್' ಮಾಡಿದ. ಈಗ ಕೇಳಿದರೂ ಚುರುಕು ಮುಟ್ಟಿಸುವ ಆಲ್ಬಮ್ ಅದು. ಅದರಲ್ಲಿ ಯೇಸು ಇದ್ದಾನೆ, ಜೊತೆಗೆ ಗುಹ್ಯರೋಗ, ಕರಿಯರ ಮೇಲಿನ ಹಿಂಸೆ, ಚಂದ್ರನಿಗೆ ಹೋಗಲು ಸುರಿದ ದುಡ್ಡು, ಎಲ್ಲವೂ ಇವೆ. ಸೈತಾನನಿಗೇಕೆ ಒಳ್ಳೆಯ ಸಂಗೀತವನ್ನೆಲ್ಲ ಬಿಟ್ಟುಕೊಡಬೇಕು ಎಂದು ಕೇಳುವ ಹಾಡೂ ಅದರಲ್ಲೇ ಇದೆ. ಆ ಮಾತು ಮಾರ್ಟಿನ್ ಲೂಥರನದು ಎಂದು ಬಹಳ ಜನ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ, ಇಂಗ್ಲೆಂಡಿನ ರೋಲಂಡ್ ಹಿಲ್ ಎಂಬ ಬೋಧಕನದಿರಬೇಕು ಎನ್ನುವವರಿದ್ದಾರೆ. ಯಾರದಾದರೇನು, ಸಿನಿಮಾ ಧಾಟಿಗೆ ಅಯ್ಯಪ್ಪನ ಹಾಡು ಕೂರಿಸಿ ಹಾಡುವ ನಮಗೆ ಅದರಲ್ಲಿ ಬೆಚ್ಚಿಬೀಳುವಂಥದ್ದೇನೂ ಕಾಣದು. ನಮ್ಮಲ್ಲಿ ಯಾರಾದರೂ ಮೂಗು ಮುರಿದರೆ ಅದು ರುಚಿಯ ತಕರಾರು. ಅಲ್ಲಿ ಅದು ಪಾಪಪುಣ್ಯದ ತಕರಾರಾಯಿತು.

ನಾರ್ಮನ್ ಎಂಥ ಮನುಷ್ಯ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 2009ರ 'ಫಾಲನ್ ಏಂಜೆಲ್' ಸಾಕ್ಷ್ಯಚಿತ್ರ ಅವನನ್ನು ಗೆಳೆಯರಿಗೆ ನೋವು ಕೊಟ್ಟವನೆಂದು ತೋರಿಸಿತು. 2018ರಲ್ಲಿ ಅವನ ಜೀವನಚರಿತ್ರೆ ಬರೆದ ಗ್ರೆಗರಿ ಥಾರ್ನ್‌ಬರಿ ಅಷ್ಟು ಕಟುವಾಗಿಲ್ಲ. ದಾಖಲೆಯಲ್ಲಿರುವ ಒಂದು ಸಂಗತಿ ನಮ್ಮ ಕಥೆಗೆ ಬೇಕು. ಡೇನಿಯಲ್ ಆಮೋಸ್ ತಂಡ 1978ರಲ್ಲೇ ಮಾಡಿ ಮುಗಿಸಿದ್ದ 'ಹೊರೆಂಡಸ್ ಡಿಸ್ಕ್' ಆಲ್ಬಮ್ ನಾರ್ಮನ್‌ನ ಸಾಲಿಡ್ ರಾಕ್ ಕಂಪನಿಯಲ್ಲಿ ಮೂರು ವರ್ಷ ಕೊಳೆಯಿತು. ಕೊನೆಗೆ ಅದು ಹೊರಬಂದದ್ದು 1981ರಲ್ಲಿ, ತಂಡ ಬೇರೆ ಕಡೆ ಮಾಡಿಸಿದ 'ಅಲಾರ್ಮಾ' ಆಲ್ಬಮಿನ ಕೆಲವೇ ದಿನಗಳ ಅಂತರದಲ್ಲಿ. ಕೊಳ್ಳುವವನಿಗೆ ಒಂದೇ ತಂಡದ ಎರಡು ಬೇರೆ ಬೇರೆ ಕಾಲ ಒಟ್ಟಿಗೆ ಸಿಕ್ಕಿದಂತಾಯಿತು.

ಈ ತಟ್ಟೆಗಳನ್ನು ಮಾರುತ್ತಿದ್ದ ಅಂಗಡಿಗಳ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಅಮೆರಿಕದಲ್ಲಿ ಆಗ ರಾಕ್ ತಟ್ಟೆ ಮಾರುವ ಅಂಗಡಿ ಬೇರೆ, ಕ್ರೈಸ್ತ ಪುಸ್ತಕದಂಗಡಿ ಬೇರೆ. ಎರಡನೆಯದರಲ್ಲಿ ಬೈಬಲ್ಲು, ವಚನ ಬರೆದ ಕಪ್ಪುಬಸಿ, ಶುಭಾಶಯ ಪತ್ರ, ಮೂಲೆಯಲ್ಲಿ ಕ್ಯಾಸೆಟ್ಟಿನ ಕಪಾಟು. ಕಪಾಟಿನ ಪಕ್ಕ ಒಂದು ಪಟ್ಟಿ: ನಿಮ್ಮ ಮಗ ಇಂಥ ಲೌಕಿಕ ತಂಡ ಕೇಳುತ್ತಾನೆಯೇ? ಹಾಗಾದರೆ ಅದರ ಬದಲು ಈ ಕ್ರೈಸ್ತ ತಂಡ ಕೊಡಿಸಿ. ಔಷಧಿ ಅಂಗಡಿಯಲ್ಲಿ ಬರೆದುಕೊಟ್ಟ ಮಾತ್ರೆ ಇಲ್ಲದಾಗ ಅದೇ ಗುಣದ ಇನ್ನೊಂದು ಕೊಡುತ್ತಾರಲ್ಲ, ಹಾಗೆ. ದುಡ್ಡು ಕೊಡುತ್ತಿದ್ದವರು ಬಹುಪಾಲು ತಾಯಂದಿರು. ಕ್ರೈಸ್ತ ರೇಡಿಯೋದವರು ತಮ್ಮ ಕಲ್ಪನೆಯ ಕೇಳುಗಾರ್ತಿಗೆ ಮುಂದೆ 'ಬೆಕಿ' ಎಂದು ಹೆಸರನ್ನೇ ಇಟ್ಟುಕೊಂಡರು: ಪೇಟೆಯಂಚಿನ ಬಡಾವಣೆಯಲ್ಲಿ ಮನೆ, ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುವ ಗೃಹಿಣಿ. ಬೆಕಿಗೆ ಒಗ್ಗದ ಹಾಡು ಬಾನುಲಿಗೆ ಏರುತ್ತಿರಲಿಲ್ಲ.

ವಿದ್ವಾಂಸರ ಜಗಳವೂ ಇದರ ಸುತ್ತಲೇ. ಈ ಉದ್ಯಮವೇ ಒಂದು ರಾಜಕೀಯ, ಬಿಳಿಯ ಮಧ್ಯಮವರ್ಗದ ಸಂಪ್ರದಾಯಸ್ಥರನ್ನು ಒಗ್ಗೂಡಿಸಿದ ಸಾಧನ ಎಂಬ ದಿಕ್ಕಿನಲ್ಲಿ ಲೀಯ ಪೇನ್ 2024ರಲ್ಲಿ ವಾದಿಸಿದ್ದಾಳೆ. ಅದಕ್ಕೂ ಮೊದಲು, 1999ರಲ್ಲಿ, ಜೇ ಹೊವರ್ಡ್ ಮತ್ತು ಜಾನ್ ಸ್ಟ್ರೆಕ್ ಈ ಹಾಡುಗಾರರನ್ನೆಲ್ಲ ಒಂದೇ ಗಂಟಿಗೆ ಕಟ್ಟಲಾಗದು ಎಂದಿದ್ದರು: ಲೋಕದಿಂದ ಬೇರೆ ನಿಲ್ಲುವವರು, ಲೋಕದೊಳಗೆ ಬೆರೆಯುವವರು, ಕಲೆಯನ್ನು ಕಲೆಯಾಗಿಯೇ ಮಾಡುವವರು ಎಂದು ಮೂರು ಬಗೆ. ನನಗೆ ಎರಡು ಮಾತೂ ಸರಿ ಅನ್ನಿಸುತ್ತದೆ. ಪೇನ್ ಅಂಗಡಿಯ ಕಥೆ ಹೇಳುತ್ತಾಳೆ. ನಾನು ಕೇಳುತ್ತಿದ್ದ ಮೂರನೆಯ ಬಗೆಯವರು ಆ ಅಂಗಡಿಯಲ್ಲಿ ಬಾಡಿಗೆಗಿದ್ದವರು.

ಬಾಡಿಗೆದಾರರಿಗೆ ತಮ್ಮದೆನ್ನುವ ಒಂದು ಬಯಲು ಸಿಕ್ಕಿದ್ದು 1984ರಲ್ಲಿ. ಷಿಕಾಗೋದಲ್ಲಿ ಒಟ್ಟಾಗಿ ಬಾಳುತ್ತಿದ್ದ 'ಜೀಸಸ್ ಪೀಪಲ್' ಎಂಬ ಸಮುದಾಯ ಇಲಿನಾಯ್ ರಾಜ್ಯದಲ್ಲಿ ಕಾರ್ನರ್‌ಸ್ಟೋನ್ ಹಬ್ಬ ಶುರುಮಾಡಿತು. 1991ರಿಂದ ಅದು ಬುಷ್ನೆಲ್ ಎಂಬ ಸಣ್ಣ ಊರಿನ ಹೊಲಗಳಿಗೆ ಬಂತು. ಜುಲೈ ತಿಂಗಳ ಸೆಕೆ, ಧೂಳು, ಮಳೆ ಬಂದರೆ ಕೆಸರು. ಗುಡಾರದ ಪಕ್ಕ ಗುಡಾರ, ಒಂದೊಂದರಲ್ಲೂ ಒಂದೊಂದು ತಂಡ. ಅಂಗಡಿಯಲ್ಲಿ ಜಾಗ ಸಿಗದವರಿಗೆ ಅಲ್ಲಿ ಕೇಳುಗರಿದ್ದರು.

1987ನೇ ಇಸವಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಯಾಕ್ರಮೆಂಟೋದ ಚರ್ಚೊಂದರ ಆಸರೆಯಲ್ಲಿ ಬೆಳೆದ 'ಸೆವೆಂಟಿ ಸೆವೆನ್ಸ್' ತಂಡದ ಆಲ್ಬಮ್ ಆ ವರ್ಷ ಐಲೆಂಡ್ ಎಂಬ ದೊಡ್ಡ ಲೌಕಿಕ ಕಂಪನಿಯ ಮೂಲಕ ಹೊರಬಂತು. ತಂಡದ ಮೈಕ್ ರೋನ ಗಿಟಾರ್ ಕೇಳಿದರೆ ಇವರಿಗೆ ಕಪಾಟು ದಾಟುವ ಯೋಗ್ಯತೆ ಇತ್ತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಮಾರ್ಚ್‌ನಲ್ಲಿ ಅದೇ ಐಲೆಂಡ್ ಕಂಪನಿಯಿಂದ ಯು2 ತಂಡದ 'ದ ಜೋಶುವಾ ಟ್ರೀ' ಬಂದಿತ್ತು. ಕಂಪನಿಯ ಗಮನ, ದುಡ್ಡು ಎಲ್ಲ ಆ ಕಡೆ ಹರಿಯಿತು. ದೇವರನ್ನು ಹುಡುಕುವ ಹಾಡುಗಳಿದ್ದ ಆ ಐರಿಷ್ ಆಲ್ಬಮನ್ನು ಲೋಕವೆಲ್ಲ ಕೊಂಡಿತು. ಅದರ ನೆರಳಿನಲ್ಲಿ ಸ್ಯಾಕ್ರಮೆಂಟೋದವರು ಕಾಣದೆ ಹೋದರು.

ಅದೇ ವರ್ಷ ಸ್ಟೀವ್ ಟೇಲರ್ ಎಂಬ ಗಾಯಕ 'ಐ ಪ್ರಿಡಿಕ್ಟ್ 1990' ತಂದ. ಗರ್ಭಪಾತದ ಆಸ್ಪತ್ರೆಗಳಿಗೆ ಬಾಂಬಿಡುವವರನ್ನು ಗೇಲಿ ಮಾಡಿದ ಹಾಡೊಂದು ಅದರಲ್ಲಿತ್ತು. ಹಾಡುವವನು ಐಸ್‌ಕ್ರೀಮ್ ಗಾಡಿಯವನು. ಮಕ್ಕಳು ಹುಟ್ಟದಿದ್ದರೆ ತನ್ನ ವ್ಯಾಪಾರ ಹಾಳು ಎಂದು ಆಸ್ಪತ್ರೆ ಉಡಾಯಿಸುತ್ತಾನೆ. ವ್ಯಂಗ್ಯ ಅರ್ಥವಾಗದವರೂ ಸಿಟ್ಟಾದರು, ಅರ್ಥವಾದವರೂ ಸಿಟ್ಟಾದರು. ಹಲವು ಅಂಗಡಿಗಳು ಆಲ್ಬಮನ್ನು ಕಪಾಟಿನಿಂದ ಇಳಿಸಿದವು. ಅವನ ಹೆಂಡತಿ ಬರೆದ ಮುಖಪುಟದ ಚಿತ್ರ ಟ್ಯಾರೋ ಎಲೆಯಂತಿದೆ ಎಂಬ ದೂರು ಬೇರೆ. ಟಿ.ವಿ. ಬೋಧಕ ಜಿಮ್ಮಿ ಸ್ವಾಗರ್ಟ್ ಧಾರ್ಮಿಕ ರಾಕ್ ಕುರಿಯ ತೊಗಲು ಹೊದ್ದ ತೋಳ ಎಂದು ಪುಸ್ತಕ ಬರೆದದ್ದೂ 1987ರಲ್ಲೇ. ಸ್ವಾಗರ್ಟ್ ಬೇರಾರೂ ಅಲ್ಲ, ರಾಕ್ ಅಂಡ್ ರೋಲ್‌ನ ಮೊದಲ ಪುಂಡರಲ್ಲಿ ಒಬ್ಬನಾದ ಜೆರ್ರಿ ಲೀ ಲೂಯಿಸ್‌ನ ಸೋದರಸಂಬಂಧಿ. ಮುಂದಿನ ಫೆಬ್ರುವರಿಯಲ್ಲಿ ಅವನೇ ಟಿ.ವಿ. ಮುಂದೆ ನಿಂತು ತನ್ನ ಪಾಪ ಹೇಳಿಕೊಂಡು ಅತ್ತ.

ಡೇನಿಯಲ್ ಆಮೋಸ್ ಆ ವರ್ಷ ಮಾಡಿದ ಆಲ್ಬಮ್ 'ಡಾರ್ನ್ ಫ್ಲೋರ್, ಬಿಗ್ ಬೈಟ್'. ಕೈಸನ್ನೆಯ ಭಾಷೆ ಕಲಿತ ಗೊರಿಲ್ಲಾವೊಂದು ಭೂಕಂಪವನ್ನು ವರ್ಣಿಸಿದ ರೀತಿಯಿಂದ ಹುಟ್ಟಿದ ಹೆಸರು ಅದು. ನೆಲ ಕಚ್ಚಿತು ಎಂಬಂಥ ಮಾತು. ದೇವರ ಬಗ್ಗೆ ಮನುಷ್ಯ ಆಡುವ ಮಾತೆಲ್ಲ ಭೂಕಂಪದ ಬಗ್ಗೆ ಗೊರಿಲ್ಲಾ ಆಡಿದ ಮಾತಿನಷ್ಟೇ ಎಂಬ ಆಲೋಚನೆಯ ಮೇಲೆ ಇಡೀ ಆಲ್ಬಮ್ ನಿಂತಿದೆ. ಇಷ್ಟು ವಿನಯದ ದೇವತಾಸ್ತುತಿ ರಾಕ್ ಸಂಗೀತದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಅದು ಹೆಚ್ಚು ಮಾರಾಟವಾಗಲಿಲ್ಲ. ಪಿಕ್ಸೀಸ್ ಎಂಬ ಬಾಸ್ಟನ್ ತಂಡದ ಮೊದಲ ತಟ್ಟೆಯೂ ಆಗಲೇ ಬಂತು. ಅದರ ಹೆಸರು 'ಕಮ್ ಆನ್ ಪಿಲ್ಗ್ರಿಮ್', ಲ್ಯಾರಿ ನಾರ್ಮನ್ ಬಳಸುತ್ತಿದ್ದ ಮಾತು. ಹದಿಹರೆಯದಲ್ಲಿ ನಾರ್ಮನ್‌ನನ್ನು ಮೆಚ್ಚಿದ್ದ ಹುಡುಗನೇ ಆ ತಂಡದ ಗಾಯಕ. ಪಿಕ್ಸೀಸ್‌ನಿಂದ ಕಲಿತೆ ಎಂದು ಮುಂದೆ ನಿರ್ವಾಣ ತಂಡದ ಕರ್ಟ್ ಕೊಬೈನ್ ಒಪ್ಪಿಕೊಂಡ. ಹೀಗೆ ಎಲ್ಲಿಂದೆಲ್ಲಿಗೋ ನೀರು ಹರಿದಿದೆ.

1992ರಲ್ಲಿ ನೆಲ ನಿಜಕ್ಕೂ ಅಲುಗಿತು. ಸ್ಪ್ಯಾರೋ ಕಂಪನಿಯನ್ನು ಇ.ಎಂ.ಐ., ವರ್ಡ್ ಕಂಪನಿಯನ್ನು ಥಾಮಸ್ ನೆಲ್ಸನ್ ಎಂಬ ಬೈಬಲ್ ಪ್ರಕಾಶಕರು ಕೊಂಡರು. ಸೆವೆಂಟಿ ಸೆವೆನ್ಸ್ ಆ ವರ್ಷದ ಆಲ್ಬಮಿಗೆ 'ಪ್ರೇ ನೇಕೆಡ್' ಎಂದು ಹೆಸರಿಟ್ಟಿತ್ತು, ಬೆತ್ತಲೆಯಾಗಿ ಪ್ರಾರ್ಥಿಸು ಎಂದು. ಅಂಗಡಿಯವರು ಮುಟ್ಟುವುದಿಲ್ಲವೆಂದು ಕಂಪನಿ ಆ ಹೆಸರನ್ನೇ ತೆಗೆದು ಬರೀ ತಂಡದ ಹೆಸರಿನಲ್ಲಿ ಮಾರಿತು. ಅಕ್ಕಮಹಾದೇವಿಯ ನಾಡಿನಲ್ಲಿ ಕೂತು ಇದನ್ನು ಓದುವಾಗ ನಗು ಬರುತ್ತದೆ.

ಆ ಜುಲೈ 4ರಂದು ಬುಷ್ನೆಲ್‌ನ ವೇದಿಕೆಯಲ್ಲಿ ಹಾಡುತ್ತಿದ್ದಾಗಲೇ ಮಾರ್ಕ್ ಹರ್ಡ್ ಎಂಬ ಗಾಯಕನಿಗೆ ಹೃದಯಾಘಾತವಾಯಿತು. ಅವನು ಉಳಿದ ಹಾಡುಗಳನ್ನು ಮುಗಿಸಿ, ಕೆಳಗಿಳಿದು, ಆಮೇಲೆ ಆಸ್ಪತ್ರೆಗೆ ಹೋದ. ಆಗಸ್ಟ್ 16ರಂದು ತೀರಿಕೊಂಡಾಗ ಅವನಿಗೆ 40 ವರ್ಷ. ಇತರರ ತಟ್ಟೆಗಳಿಗೆ ಧ್ವನಿಮುದ್ರಣದ ಕೆಲಸ ಮಾಡಿ ಹೊಟ್ಟೆ ಹೊರೆದು, ತನ್ನದೇ ಸಣ್ಣ ಕಂಪನಿಯಿಂದ ಮೂರು ವರ್ಷಗಳಲ್ಲಿ ಮೂರು ಅಪರೂಪದ ಆಲ್ಬಮ್ ತಂದಿದ್ದ. ಕೆನಡಾದ ಬ್ರೂಸ್ ಕಾಕ್‌ಬರ್ನ್ ಅವನ ನೆನಪಿಗೆ ಹಾಡು ಕಟ್ಟಿದ.

ನನ್ನ ಕ್ಯಾಸೆಟ್ಟಿನ 'ಡಿಗ್' ಕೂಡ 1992ರದು. ತಂಡದ ಹೆಸರು ಆಡಮ್ ಅಗೇನ್. ನಡೆಸುತ್ತಿದ್ದವನು ಜೀನ್ ಯೂಜೀನ್, ಕೆನಡಾದಲ್ಲಿ ಹುಟ್ಟಿ, ಬಾಲನಟನಾಗಿ ಅಮೆರಿಕದ ಟಿ.ವಿ. ಮಾಲಿಕೆಗಳಲ್ಲಿ ಕಾಣಿಸಿಕೊಂಡಿದ್ದವನು. ಜೊತೆಗೆ ಹಾಡುತ್ತಿದ್ದವಳು ಅವನ ಹೆಂಡತಿ ರಿಕಿ ಮಿಷೆಲ್. ಆಲ್ಬಮಿನಲ್ಲಿ 'ರಿವರ್ ಆನ್ ಫೈರ್' ಎಂಬ ಹಾಡಿದೆ. ಓಹಾಯೋದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹರಿಯುವ ಕಾಯಹೋಗ ನದಿಗೆ ಕಾರ್ಖಾನೆಗಳ ಎಣ್ಣೆ, ಕಸ ಸೇರಿ 1969ರ ಜೂನ್‌ನಲ್ಲಿ ಬೆಂಕಿ ಹತ್ತಿಕೊಂಡಿತ್ತು. ಉರಿಯುವ ಆ ನದಿಯನ್ನು ಜೀನ್ ಮುರಿದು ಬೀಳುತ್ತಿರುವ ದಾಂಪತ್ಯಕ್ಕೆ ತಂದುಕೊಂಡ ಎಂದೇ ಕೇಳುಗರು ಅರ್ಥಮಾಡಿಕೊಂಡರು. ಕೆಲವು ವರ್ಷಗಳಲ್ಲಿ ಇಬ್ಬರೂ ಬೇರೆಯಾದರು. ವಿಚ್ಛೇದನವೆಂಬ ಶಬ್ದವನ್ನೇ ಇಷ್ಟಪಡದ ಕಪಾಟಿನಲ್ಲಿ ಈ ಹಾಡು ಇತ್ತು, ಹಾಡಿನ ಹಿಂದೆ ಆ ಹೆಂಡತಿಯದೇ ದನಿ ಇತ್ತು. ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ನನಗೆ ಇದಾವುದೂ ತಿಳಿದಿರಲಿಲ್ಲ. ಗಿಟಾರು ಒಂದು ಮಾತನ್ನೇ ಮತ್ತೆ ಮತ್ತೆ ಕೇಳಿ ಸುಸ್ತಾದಂತೆ ಅನ್ನಿಸುತ್ತಿತ್ತು, ಅಷ್ಟೆ. ಈಗಲೂ ಹಾಗೇ ಅನ್ನಿಸುತ್ತದೆ.

1993ರಲ್ಲಿ ಬ್ರಾಂಡನ್ ಎಬೆಲ್ ಎಂಬ ತರುಣ ಟೂತ್ ಅಂಡ್ ನೇಲ್ ಕಂಪನಿ ತೆರೆದ. ಹಳಬರ ಜಂಜಾಟ ಅವನಿಗೆ ಬೇಡವಾಗಿತ್ತು. ಸ್ಟಾರ್‌ಫ್ಲಯರ್ 59ರಂಥ ಅವನ ತಂಡಗಳು ಉಪದೇಶಕ್ಕೂ ಹೋಗಲಿಲ್ಲ, ತಕರಾರಿಗೂ ನಿಲ್ಲಲಿಲ್ಲ, ಗಿಟಾರಿನ ಸದ್ದಿನಲ್ಲಿ ಮುಳುಗಿದವು. 1995ರ ಬೇಸಿಗೆಯಲ್ಲಿ ಅವನ ಕಂಪನಿಯ ಜಾರ್ಜಿಯಾದ 'ಲಕ್ಷುರಿ' ತಂಡ ಕಾರ್ನರ್‌ಸ್ಟೋನ್‌ನಲ್ಲಿ ಹಾಡಿ ಊರಿಗೆ ಮರಳುವಾಗ ವ್ಯಾನ್ ಅಪಘಾತವಾಗಿ ಹುಡುಗರು ಸಾಯುವಷ್ಟು ಗಾಯಗೊಂಡರು. ಬದುಕಿದರು, ಆದರೆ ತಂಡದ ಏರಿಕೆ ಅಲ್ಲಿಗೇ ನಿಂತಿತು.

ಅದೇ 1995ರಲ್ಲಿ ಸೌಂಡ್‌ಸ್ಕ್ಯಾನ್ ಸಂಸ್ಥೆ ಕ್ರೈಸ್ತ ಅಂಗಡಿಗಳ ಮಾರಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಲ್ಲಿಯವರೆಗೆ ಲೆಕ್ಕಕ್ಕೇ ಸಿಗದಿದ್ದ ಮಾರುಕಟ್ಟೆ ಎಲ್ಲರ ಕಣ್ಣಿಗೆ ಬಿತ್ತು. ನವೆಂಬರ್‌ನಲ್ಲಿ ಡಿಸಿ ಟಾಕ್ ತಂಡದ 'ಜೀಸಸ್ ಫ್ರೀಕ್' ಬಿಲ್‌ಬೋರ್ಡ್ ಪಟ್ಟಿಗೆ 16ನೇ ಸ್ಥಾನದಲ್ಲೇ ಇಳಿಯಿತು. ದಶಕ ಮುಗಿಯುವ ಹೊತ್ತಿಗೆ, ಹಿಂದೆ ಕಪಾಟಿನಿಂದ ಇಳಿಸಿಕೊಂಡಿದ್ದ ಸ್ಟೀವ್ ಟೇಲರ್ ತನ್ನ ಸ್ಕ್ವಿಂಟ್ ಕಂಪನಿಯಿಂದ 'ಸಿಕ್ಸ್‌ಪೆನ್ಸ್ ನನ್ ದ ರಿಚರ್' ತಂಡದ 'ಕಿಸ್ ಮಿ' ಹಾಡನ್ನು ಲೋಕಕ್ಕೆಲ್ಲ ಮುಟ್ಟಿಸಿದ. 1999ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ತಂಡದ ಹೆಸರು ಸಿ.ಎಸ್. ಲೂಯಿಸ್ ಹೇಳಿದ ಒಂದು ದೃಷ್ಟಾಂತದ್ದು: ಮಗು ಅಪ್ಪನಿಂದಲೇ ಆರು ಪೆನ್ಸ್ ಇಸಿದುಕೊಂಡು ಅಪ್ಪನಿಗೇ ಉಡುಗೊರೆ ತರುತ್ತದೆ, ಅಪ್ಪನಿಗೆ ಅದರಿಂದ ಲಾಭವೇನಿಲ್ಲ. ಕೆರೆಯ ನೀರಿನ ಬಗ್ಗೆ ಪುರಂದರದಾಸರು ಹೇಳಿದ್ದೂ ಇದನ್ನೇ. ಹಾಡಿನಲ್ಲಿ ದೇವರ ಸುದ್ದಿಯೇ ಇರಲಿಲ್ಲ, ಬರೀ ಬೆಳದಿಂಗಳು, ಮುತ್ತು. ಮೂವತ್ತು ವರ್ಷ ಗೋಡೆಗೆ ತಲೆ ಚಚ್ಚಿಕೊಂಡವರಿಗೆ ಬಾಗಿಲು ತೆರೆದದ್ದು ಹೀಗೆ.

ಆದರೆ ತೆರೆದ ಬಾಗಿಲಿನಲ್ಲಿ ಹಳಬರು ಯಾರೂ ಹೋಗಲಿಲ್ಲ. 2000ದ ಮಾರ್ಚ್ 20ರಂದು ಜೀನ್ ಯೂಜೀನ್ ತನ್ನ ಹಂಟಿಂಗ್ಟನ್ ಬೀಚ್‌ನ ಗ್ರೀನ್ ರೂಮ್ ಸ್ಟುಡಿಯೋದಲ್ಲೇ ತೀರಿಕೊಂಡ. 38 ವರ್ಷ. ಮುಂದಿನ ಪೀಳಿಗೆಯ ಡೇವಿಡ್ ಬಝಾನ್, ಟೂತ್ ಅಂಡ್ ನೇಲ್‌ನಿಂದಲೇ ಹೊರಟವನು, ಹಾಡುತ್ತ ಹಾಡುತ್ತ ನಂಬಿಕೆಯನ್ನೇ ಕಳೆದುಕೊಂಡು 2009ರಲ್ಲಿ 'ಕರ್ಸ್ ಯುವರ್ ಬ್ರಾಂಚಸ್' ಎಂಬ ಆಲ್ಬಮಿನಲ್ಲಿ ಅದನ್ನು ಬಿಚ್ಚಿಟ್ಟ. ಕುಡಿದಿದ್ದಕ್ಕೆ 2005ರಲ್ಲಿ ಅವನನ್ನು ಹೊರಗಟ್ಟಿದ್ದ ಕಾರ್ನರ್‌ಸ್ಟೋನ್ ಆ ವರ್ಷ ಮತ್ತೆ ವೇದಿಕೆ ಕೊಟ್ಟಿತು. ಇದು ಆ ಹಬ್ಬದ ದೊಡ್ಡಗುಣ. 2012ರಲ್ಲಿ ಹಬ್ಬವೂ ನಿಂತಿತು.

2014ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯ ತಾನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್' ಸೇರಿಸಿಕೊಂಡಿತು. ನಾರ್ಮನ್ ತೀರಿಕೊಂಡು ಆರು ವರ್ಷವಾಗಿತ್ತು. 2017ರಲ್ಲಿ ಫ್ಯಾಮಿಲಿ ಕ್ರಿಶ್ಚಿಯನ್ ಎಂಬ ದೊಡ್ಡ ಅಂಗಡಿ ಸರಪಳಿ ಬಾಗಿಲು ಹಾಕಿತು, 2019ರಲ್ಲಿ ಲೈಫ್‌ವೇ ತನ್ನ ಮಳಿಗೆಗಳನ್ನೆಲ್ಲ ಮುಚ್ಚಿತು. ಯಾವ ಆಲ್ಬಮ್ ಇಡಬೇಕು, ಯಾವುದನ್ನು ಇಳಿಸಬೇಕು ಎಂದು ಜಗಳವಾಡಿದ ಕಪಾಟುಗಳು ಬಹುಪಾಲು ಹೋದವು.

ಲಕ್ಷುರಿ ತಂಡದ ಹುಡುಗರಲ್ಲಿ ಮೂವರು ಈಗ ಆರ್ಥೊಡಾಕ್ಸ್ ಚರ್ಚಿನ ಪಾದ್ರಿಗಳು. ಉದ್ದ ಗಡ್ಡ, ಕರಿ ನಿಲುವಂಗಿ. ಭಾನುವಾರ ಪೂಜೆ ನಡೆಸುತ್ತಾರೆ; 2019ರಲ್ಲಿ ಹಳೆಯ ತಂಡವನ್ನೇ ಕೂಡಿಸಿಕೊಂಡು ಹೊಸ ರಾಕ್ ಆಲ್ಬಮ್ ಒಂದನ್ನು ತಂದರು.